ಬೆಟದೂರಿನಿಂದ ಸಾಲ್ತೊರೊವರೆಗೆ

ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಆಫೀಸಿನಲ್ಲಿ ಸರ್ವರ್ ರೂಮಿನ ಎಸಿ ಯಾವಾಗಲೂ 18 ಡಿಗ್ರಿಗೇ ಇರುತ್ತೆ. ಮೊನ್ನೆ ಒಳಗೆ ಕಾಲಿಟ್ಟವನೇ, "ಏನ್ರಪಾ ಇದು, ಸಿಯಾಚಿನ್ ಮಾಡಿಟ್ಟೀರಲ್ಲ" ಅಂದೆ. ಹಳೇ ಜೋಕು, ಎಲ್ಲರೂ ನಗುತ್ತಾರೆ. ಕುಂದಗೋಳ ಕಡೆಯ ಹುಡುಗನೊಬ್ಬ ಮಾತ್ರ ನಗಲಿಲ್ಲ. "ಅಣ್ಣಾ, ಬೆಟದೂರ ನಮ್ಮೂರ ಬಾಜೂಕ ಐತಿ" ಅಂದು ಕೇಬಲ್ ಜೋಡಿಸೋಕೆ ಶುರು ಮಾಡಿದ.

ಬೆಟದೂರು ಅಂದರೆ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಊರು. 2016ರ ಫೆಬ್ರವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಅದರಲ್ಲಿ ಮೂವರು ಕರ್ನಾಟಕದವರು. ಆರನೇ ದಿನ, ಸುಮಾರು 25 ಅಡಿ ಹಿಮದ ಕೆಳಗೆ, ಹನುಮಂತಪ್ಪ ಉಸಿರಾಡುತ್ತಿದ್ದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ವಯಸ್ಸು 33. ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಅವರು ಬದುಕಿದ್ದಾರೆ ಅನ್ನೋ ಸುದ್ದಿ ಬಂದ ರಾತ್ರಿ ಹಾಸ್ಟೆಲಿನಲ್ಲಿ ಯಾರೂ ಮಲಗಲಿಲ್ಲ.

ಅಷ್ಟು ಅತ್ತವನು, ಆ ಜಾಗ ಎಂಥದ್ದು, ಅಲ್ಲಿಗೆ ಜನ ಹೋಗಿದ್ದಾದರೂ ಯಾಕೆ ಅಂತ ಇಷ್ಟು ವರ್ಷ ಹುಡುಕಲೇ ಇಲ್ಲ. ಈ ವಾರ ಕೂತು ಓದಿದೆ. ಕಥೆ ಶುರುವಾಗೋದು ಸೈನಿಕರಿಂದಲ್ಲ, ಪರ್ವತಾರೋಹಿಗಳಿಂದ.

ಸಿಯಾಚಿನ್ ಸುಮಾರು 76 ಕಿ.ಮೀ. ಉದ್ದದ ಹಿಮನದಿ. ಅದರ ಪಶ್ಚಿಮಕ್ಕೆ ಕಾಂಪೌಂಡ್ ಗೋಡೆಯ ಹಾಗೆ ನಿಂತಿರೋದು ಕಾರಕೋರಂನ ಸಾಲ್ತೊರೊ ಸಾಲು. ಆ ಸಾಲಿನ ಅತಿ ಎತ್ತರದ ಶಿಖರ ಸಾಲ್ತೊರೊ ಕಾಂಗ್ರಿ, 7,742 ಮೀಟರ್. ಕಾಂಗ್ರಿ ಅಂದರೆ ಹಿಮದ ಬೆಟ್ಟ. ನಾಲ್ಕು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಚೂರು ಕಮ್ಮಿ ಬೀಳುತ್ತೆ. ಈ ಸಾಲಿನ ಮೇಲೆ ಒಂದು ಚಳಿಗಾಲಕ್ಕೆ 10 ಮೀಟರಿಗೂ ಹೆಚ್ಚು ಹಿಮ ಬೀಳೋದುಂಟು. ಕಡಿದಾದ ಇಳಿಜಾರಿನ ಮೇಲೆ ಅಷ್ಟು ಭಾರ ಕೂತರೆ ಯಾವತ್ತೋ ಒಂದಿನ ಜಾರಲೇಬೇಕು.

ಇಲ್ಲಿಗೆ ಮೊದಮೊದಲು ಬಂದವರಲ್ಲಿ ನನಗೆ ಇಷ್ಟವಾದದ್ದು ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್. 1911 ಮತ್ತು 1912ರಲ್ಲಿ ಗಂಡನ ಜೊತೆ ಇಡೀ ಹಿಮನದಿ ಸುತ್ತಿ ನಕ್ಷೆ ಮಾಡಿಸಿದಾಕೆ. ಸುಮಾರು 21,000 ಅಡಿ ಎತ್ತರದಲ್ಲಿ, ಹೆಂಗಸರಿಗೂ ಮತದಾನದ ಹಕ್ಕು ಬೇಕು ಅನ್ನೋ ಪತ್ರಿಕೆ ಬಿಡಿಸಿ ಹಿಡಿದು ಫೋಟೊ ತೆಗೆಸಿಕೊಂಡರು. ಹುಡುಕಿ ನೋಡಿ, ಸಿಗುತ್ತೆ.

1935ರಲ್ಲಿ ಜೇಮ್ಸ್ ವಾಲರ್ ತಂಡ ಶಿಖರಕ್ಕೇ ಕೈ ಹಾಕಿತು. ಸರ್ವೆಯವರ ಲೆಕ್ಕದಲ್ಲಿ ಆಗ ಅದರ ಹೆಸರು ಬರೀ 'ಪೀಕ್ 36'. ವಾಲರ್ ಜೊತೆ ಜಾನ್ ಹಂಟ್ ಇದ್ದರು, ಮುಂದೆ 1953ರಲ್ಲಿ ಎವರೆಸ್ಟ್ ತಂಡದ ನಾಯಕರಾದವರು. ಸುಮಾರು 24,500 ಅಡಿವರೆಗೆ ಹೋಗಿ ವಾಪಸ್ ಬಂದರು. ಕೊನೆಗೆ 1962ರ ಜುಲೈ 24ರಂದು ತುದಿ ಮುಟ್ಟಿದ್ದು ಜಪಾನಿನ ಸೈಟೊ ಮತ್ತು ತಕಾಮುರಾ, ಪಾಕಿಸ್ತಾನದ ಆರ್.ಎ. ಬಶೀರ್.

ಇನ್ನು ಗಡಿ. 1949ರ ಕರಾಚಿ ಒಪ್ಪಂದದಲ್ಲಿ ಎಳೆದ ಗೆರೆ ಎನ್‌ಜೆ 9842 ಅನ್ನೋ ಬಿಂದುವಿಗೆ ನಿಂತುಹೋಯಿತು. ಅಲ್ಲಿಂದ ಮುಂದೆ 'ಉತ್ತರಕ್ಕೆ ಹಿಮನದಿಗಳ ಕಡೆಗೆ' ಅಂತ ಬರೆದು ಕೈಬಿಟ್ಟರು. ನಾವು ಕೋಡಿನಲ್ಲಿ 'ಟುಡೂ' ಅಂತ ಕಮೆಂಟ್ ಹಾಕಿ ರಿಲೀಸ್ ಮಾಡಿಬಿಡ್ತೀವಲ್ಲ, ಹಾಗೆ. ಅಲ್ಲಿ ಯಾರು ಯಾಕೆ ಹೋಗ್ತಾರೆ ಅಂದುಕೊಂಡಿರಬೇಕು. ಹೋದವರು ಪರ್ವತಾರೋಹಿಗಳು. ಎಪ್ಪತ್ತರ ದಶಕದಲ್ಲಿ ವಿದೇಶಿ ತಂಡಗಳಿಗೆ ಪಾಕಿಸ್ತಾನ ಪರ್ಮಿಟ್ ಕೊಡೋಕೆ ಶುರು ಮಾಡಿತು. ಬೆಟ್ಟ ಹತ್ತೋಕೆ ಯಾರ ಅನುಮತಿ ಕೇಳ್ತೀವೋ ಬೆಟ್ಟ ಅವರದೇ ಅಂತ ಒಪ್ಪಿದ ಹಾಗೆ ತಾನೆ!

ಇದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ನಮ್ಮ ಸೇನೆಯ ಕರ್ನಲ್ ನರೇಂದ್ರ 'ಬುಲ್' ಕುಮಾರ್. 1961ರ ನೀಲಕಂಠ ಆರೋಹಣದಲ್ಲಿ ಹಿಮದ ಹೊಡೆತಕ್ಕೆ ಕಾಲ್ಬೆರಳು ಕಳಕೊಂಡವರು, ಆಮೇಲೂ ಹತ್ತೋದು ಬಿಡಲಿಲ್ಲ. 1978ರಲ್ಲಿ ತಂಡ ಕಟ್ಟಿಕೊಂಡು ಸಿಯಾಚಿನ್‌ಗೆ ಹೋದರು. 1981ರಲ್ಲಿ ಅವರ ತಂಡ ಸಾಲ್ತೊರೊ ಕಾಂಗ್ರಿಯನ್ನೂ ಹತ್ತಿತು. ಮೂರೇ ವರ್ಷಕ್ಕೆ, 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ ಶುರುವಾಯಿತು. ನಮ್ಮ ಸೇನೆ ಸಾಲ್ತೊರೊ ಸಾಲಿನ ಕಣಿವೆ ದಾರಿಗಳನ್ನು ಹಿಡಿಯಿತು. ಆರೋಹಿಗಳು ಒಂದು ಸೀಸನ್‌ಗೆ ಹೋಗಿ ಬರುತ್ತಿದ್ದ ಎತ್ತರದಲ್ಲಿ ಸೈನಿಕರು ವರ್ಷವಿಡೀ ಇರಬೇಕಾಯಿತು.

2003ರ ನವೆಂಬರಿನಿಂದ ಅಲ್ಲಿ ಕದನವಿರಾಮ. 2016ರಲ್ಲಿ ನಮ್ಮವರನ್ನು ಕೊಂದದ್ದು ಹಿಮ. 2012ರ ಏಪ್ರಿಲಿನಲ್ಲಿ ಸಾಲಿನ ಆಚೆ ಬದಿಯ ಗಯಾರಿಯಲ್ಲಿ ಪಾಕಿಸ್ತಾನದ 140 ಮಂದಿಯನ್ನು ಕೊಂದದ್ದೂ ಹಿಮವೇ. ಅಂದಹಾಗೆ, ಸಾಲ್ತೊರೊದ ಈ ಬದಿಯ ನೀರು ನುಬ್ರಾ ಹಿಡಿದು, ಆ ಬದಿಯದ್ದು ಸಾಲ್ತೊರೊ ನದಿ ಹಿಡಿದು, ಎರಡೂ ಹೋಗಿ ಸೇರೋದು ಶಯೋಕ್ ನದಿಗೇ.

ನಿನ್ನೆ ಸಂಜೆ ಗೇಟಿನ ಹೊರಗೆ ಗಿರ್ಮಿಟ್ ತಿನ್ನುತ್ತಾ ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ. ಸರ್ವರ್ ರೂಮಿನ ಮಾತಿಗೆ ತಪ್ಪಾಯ್ತು ಅಂತಲೂ ಅಂದೆ. "ಅಯ್ಯ, ಬಿಡ್ರಿ ಅಣ್ಣಾ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಮಣ್ಣಿಗೆ ನಾನೂ ಹೋಗಿದ್ದೆ. ಎಂಟನೇತ್ತ ಇದ್ದೆ. ಮಂದಿ ಎಷ್ಟ್ ಬಂದಿದ್ರಂದ್ರ ರಸ್ತಾನ ಕಾಣ್ತಿರಲಿಲ್ಲ. ಹಿಮ ಅಷ್ಟ್ ವಜ್ಜಿ ಇರ್ತೈತೇನ್ರಿ ಅಂತ ಮರುದಿನ ಸಾಲ್ಯಾಗ ಮಾಸ್ತರ್ನ ಕೇಳಿದ್ದೆ."

ನನ್ನ ಫೋನ್ ಇಸಕೊಂಡು ಸಾಲ್ತೊರೊ ಕಾಂಗ್ರಿಯ ಮೇಲೆ ಝೂಮ್ ಮಾಡಿದ. ಬೆರಳಿನಿಂದ ಹಿಮನದಿ ಹಿಡಿದು ಉತ್ತರಕ್ಕೆ ಸರಿಸುತ್ತಾ ಹೋದ. "ಸೋನಂ ಇದರಾಗ ಎಲ್ಲಿ ಬರ್ತೈತಿ?"

ಇಬ್ಬರೂ ಹುಡುಕಿದೆವು. ಆ ಕಡೆಯೆಲ್ಲ ಪರದೆ ಬರೀ ಬೆಳ್ಳಗಿತ್ತು.