ಇಗರ್ಜಿಯಲ್ಲಿ ಕುಣಿದರೆ ತಪ್ಪೇನು?

ಬೇಲೂರಿಗೆ ನೆಂಟರು ಬಂದರೆ ಚೆನ್ನಕೇಶವನ ಗುಡಿಯನ್ನು ತೋರಿಸದೆ ಕಳುಹಿಸುವವರುಂಟೆ? ಕ್ರೈಸ್ತರಾದ ನಾವೂ ಇದಕ್ಕೆ ಹೊರತಲ್ಲ. ಮದನಿಕೆಯರನ್ನೂ, ನವರಂಗದ ನಡುವಣ ನುಣುಪಾದ ದುಂಡುಗಲ್ಲನ್ನೂ ತೋರಿಸಿ, ಶಾಂತಲೆ ಕುಣಿದದ್ದು ಇಲ್ಲಿಯೇ ಎಂದು ಜನರಾಡುವ ಮಾತನ್ನೂ ಸೇರಿಸಿ ಹಿಗ್ಗುತ್ತೇವೆ. ಮರುದಿನ ಭಾನುವಾರ ಇಗರ್ಜಿಯ ಬೆಂಚಿನ ಮೇಲೆ ಸೌದೆಯ ತುಂಡಿನಂತೆ ಕುಳಿತಿರುತ್ತೇವೆ. ಹೇಳಿದಾಗ ಏಳುವುದು, ಹೇಳಿದಾಗ ಮೊಣಕಾಲೂರುವುದು, ಮೈಗೆ ಸಿಕ್ಕಿರುವ ಅಪ್ಪಣೆ ಇಷ್ಟೇ.

ಕುಣಿತ ನಮ್ಮ ಧರ್ಮದ್ದಲ್ಲ ಎನ್ನುವವರು ಬೈಬಲನ್ನು ಓದಿದ್ದಾರೆಯೆ? ಮಂಜೂಷದ ಮುಂದೆ ದಾವೀದರಸ ಕುಣಿದ. ಕಿಟಕಿಯಿಂದ ನೋಡಿ ಹೀನೈಸಿದವಳು ಅವನ ಹೆಂಡತಿ ಮೀಕಲ್. ನಮ್ಮ ಹಿರಿಯರಲ್ಲಿ ಬಹುಮಂದಿ ಇನ್ನೂ ಆ ಕಿಟಕಿಯಲ್ಲೇ ನಿಂತಿದ್ದಾರೆ. ಇಥಿಯೋಪಿಯದ ಪುರಾತನ ಸಭೆಯಲ್ಲಿ ಹಾಡುಗಾರರು ಡೋಲು, ಗಿಲಕಿ ಹಿಡಿದು ಇಂದಿಗೂ ಹೆಜ್ಜೆ ಹಾಕುತ್ತಾರೆ. ಹೊಸದೆಂದರೆ ಬೆಂಚೇ ಹೊಸದು. ಮಧ್ಯಯುಗದ ಬಹುಕಾಲ ಯೂರೋಪಿನ ಇಗರ್ಜಿಗಳಲ್ಲೂ ಅದು ಇರಲಿಲ್ಲ.

ರೋಮ್ ಬೇಡವೆಂದಿದೆಯಲ್ಲ ಎನ್ನುತ್ತಾರೆ. ೧೯೭೫ರಲ್ಲಿ ಅಲ್ಲಿ ಪ್ರಕಟವಾದ ಟಿಪ್ಪಣಿಯೊಂದು ಪಾಶ್ಚಾತ್ಯರ ಪೂಜೆಯಲ್ಲಿ ನೃತ್ಯ ಸಲ್ಲದೆಂದದ್ದು ನಿಜ. ಕಾರಣ, ಆ ನಾಡುಗಳಲ್ಲಿ ನೃತ್ಯವೆಂದರೆ ಪ್ರಣಯ, ಮೋಜು. ನೃತ್ಯದಲ್ಲಿ ಇನ್ನೂ ಧರ್ಮಭಾವ ಉಳಿದಿರುವ ನಾಡುಗಳ ಮಾತು ಬೇರೆಯೆಂದೂ ಅದೇ ಟಿಪ್ಪಣಿ ಒಪ್ಪಿತು. ಹಾಗಾದರೆ ಬೇಲೂರು ಹಳೇಬೀಡುಗಳನ್ನು ಯಾವ ಸಾಲಿಗೆ ಸೇರಿಸೋಣ? ಅಂದು ಜೈರ್ ಎನ್ನಿಸಿಕೊಂಡಿದ್ದ ಕಾಂಗೋಗೆ ೧೯೮೮ರಲ್ಲಿ ರೋಮೇ ಪೂಜಾವಿಧಿಯನ್ನು ಮಂಜೂರು ಮಾಡಿತು. ಅಲ್ಲಿ ಗುರುಗಳು ಬಲಿಪೀಠವನ್ನು ಕುಣಿಯುತ್ತ ಸುತ್ತುತ್ತಾರೆ, ಜನ ನಿಂತಲ್ಲೇ ತೂಗುತ್ತಾರೆ.

ಆದರೆ ನನ್ನ ಜಗಳ ಸುಧಾರಕರೊಡನೆಯೂ ಉಂಟು. ೧೯೬೯ರಲ್ಲಿ ಭಾರತದ ಪೂಜೆಗೆ ಹನ್ನೆರಡು ಮಾರ್ಪಾಡುಗಳು ಒಪ್ಪಿತವಾದವು: ನೆಲದ ಮೇಲೆ ಕೂರುವುದು, ಅಂಜಲಿ, ಪಂಚಾಂಗ ಪ್ರಣಾಮ, ಆರತಿ. ಒಳ್ಳೆಯವೇ, ಆದರೆ ಯಾರ ಮನೆಯಿಂದ ತಂದದ್ದು? ಅನಂತರ ಬಂದ ನೃತ್ಯವೂ ಹಾಗೆಯೇ. ಭರತನಾಟ್ಯ ಕಲಿತ ನಾಲ್ಕು ಹುಡುಗಿಯರು ಗೆಜ್ಜೆ ಕಟ್ಟಿ ಕಾಣಿಕೆ ತರುತ್ತಾರೆ, ಮಿಕ್ಕವರು ನೋಡುತ್ತಾರೆ, ಯಾರೋ ಫೋಟೋ ತೆಗೆಯುತ್ತಾರೆ. ಅದು ಸಭೆಯ ಕುಣಿತವಲ್ಲ, ಸಭೆಗೆ ಒಂದು ಪ್ರದರ್ಶನ.

ಕಠಿಣವಾದ ಆಕ್ಷೇಪಣೆ ಬೇರೆಯೇ ಇದೆ. ಮಿಷನರಿಗಳು ನಾಚಿನ ಪದ್ಧತಿಯನ್ನು ವಿರೋಧಿಸಿದರು. ೧೯೦೯ರಲ್ಲಿ ಮೈಸೂರು ಸರಕಾರವೂ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅದು ಹೆಣ್ಣುಮಕ್ಕಳ ಬಾಳಿನ ಪ್ರಶ್ನೆಯಾಗಿತ್ತು, ಹೆಜ್ಜೆಯದಲ್ಲ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎಸೆದೆವು. ತಮಟೆಯ ಮಾತು ಇನ್ನೂ ನೋವಿನದು. ನಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಂದಿರು ತಮಟೆ ಬಡಿದವರು. ಊರ ಹಬ್ಬಕ್ಕೆ ಬಡಿಯಲೇಬೇಕು, ಗುಡಿಯೊಳಗೆ ಕಾಲಿಡಬಾರದು. ಕ್ರೈಸ್ತರಾದಾಗ ಅದನ್ನು ಕೆಳಗಿಟ್ಟು ನೆಟ್ಟಗೆ ನಿಂತರು. ನಾನು ಸೌದೆಯೆಂದು ಹಳಿದ ಆ ಬಿಗುವು ಅವರಿಗೆ ಮಾನವಾಗಿತ್ತು. ಅದನ್ನು ಮರೆತು ‘ತಮಟೆ ತನ್ನಿ, ಕುಣಿಯೋಣ’ ಎಂದು ಮೇಲಿನಿಂದ ಅಪ್ಪಣೆ ಕೊಟ್ಟರೆ ಹಳೆಯ ಗೌಡನ ದನಿಯೇ ಕೇಳಿಸೀತು. ಅದೇ ತಮಟೆಯನ್ನು ಮೊಮ್ಮಗ ತಾನಾಗಿ ಬಲಿಪೀಠದ ಮುಂದೆ ಎತ್ತಿಕೊಂಡರೆ ಬೇಡವೆನ್ನಲು ಪಾದ್ರಿಗಳಿಗಾಗಲಿ ಸಭೆಯ ಹಿರಿಯರಿಗಾಗಲಿ ಏನು ಅಧಿಕಾರ?

ಮೊದಲು ಸುಗ್ಗಿಯ ಕಾಣಿಕೆಯ ದಿನ ನೋಡೋಣ. ರಾಗಿ, ತೆಂಗಿನಕಾಯಿ, ಕುಂಬಳಕಾಯಿ ಹೊತ್ತು ಜನ ಹೇಗೂ ಸಾಲಾಗಿ ಬರುತ್ತಾರೆ. ಆ ಸಾಲಿಗೆ ಹೆಜ್ಜೆಯಿರಲಿ. ಅರಸೀಕೆರೆ ಸೀಮೆಯಲ್ಲಿ ಕೋಲಾಟ ಕಾಣದವರು ಅಪರೂಪ. ಯಾವ ಗುರುವೂ ಪಟ್ಟಣದಿಂದ ಬರಬೇಕಾಗಿಲ್ಲ. ಮುದುಕಿಯರು ಚಪ್ಪಾಳೆ ತಟ್ಟಿದರೂ ಸಾಕು. ಬೆಂಚುಗಳನ್ನು ಮಾತ್ರ ಹಿಂದಿನ ದಿನವೇ ಹೊರಗಿಡಬೇಕು.