ಸುಣ್ಣವಿಲ್ಲದ ಮೈಲುತುತ್ತ

ಮುಂಗಾರು ಕಾಲಿಡುವ ಮೊದಲು ಅಡಿಕೆಗೊನೆಗೆ ಬೋರ್ಡೋ ದ್ರಾವಣ ಹೊಡೆಸುವ ಮಲೆನಾಡಿನ ಕೃಷಿಕನಿಗೆ ಒಂದು ಸಂಗತಿಯನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣವನ್ನು ಬಿಟ್ಟು ಮೈಲುತುತ್ತವನ್ನಷ್ಟೇ ಕರಗಿಸಿ ಹೊಡೆದರೆ ಕೊಳೆರೋಗದ ಜೊತೆಗೆ ಗಿಡವೂ ಸುಡುತ್ತದೆ. ಔಷಧಿ ಅದೇ, ಪ್ರಮಾಣವೂ ಅದೇ. ಜೊತೆಗಾರನಿಲ್ಲದಿದ್ದರೆ ಅದು ವಿಷ. ಆದ್ದರಿಂದಲೇ ನಮ್ಮ ಹಿರಿಯರು ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ.

ಕಳೆದ ಬೇಸಗೆಯಲ್ಲಿ ನಮ್ಮ ಅಂಗಳಕ್ಕೆ ಬಂದು ನಿಂತ ಒಂದು ಕಾರನ್ನು ಕಂಡಾಗ ನನಗೆ ಈ ದ್ರಾವಣವೇ ನೆನಪಾಯಿತು. ಕಾರು ನನ್ನ ತಂಗಿಯ ಮಗನದು. ಬೆಂಗಳೂರಿನಲ್ಲಿ ಉದ್ಯೋಗ, ವರ್ಷಕ್ಕೆರಡು ಬಾರಿ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೈ ರೇಸ್ ಪಥಕ್ಕೆ ಹೋಗಿ, ಹಣ ತೆತ್ತು, ತನ್ನದೇ ಕಾರನ್ನು ಓಡಿಸಿ ಬರುವ ‘ಟ್ರ್ಯಾಕ್ ಡೇ’ ಹವ್ಯಾಸ. ಚಾಲಕನ ಸೀಟಿನಿಂದ ಕಂಪನಿಯ ಸೀಟ್‌ಬೆಲ್ಟ್ ಮಾಯವಾಗಿತ್ತು. ಅದರ ಜಾಗದಲ್ಲಿ ಅಂಗೈಯಗಲದ ನಾಲ್ಕು ಕೆಂಪು ಪಟ್ಟಿಗಳು, ಹೊಟ್ಟೆಯ ಮೇಲೆ ಕೂರುವ ದುಂಡನೆಯ ಬೀಗ. ಭುಜದ ಎರಡು ಪಟ್ಟಿಗಳು ಸೀಟಿನ ಬೆನ್ನು ಹತ್ತಿ ಇಳಿದು ಹಿಂಬದಿಯ ನೆಲದ ಬೋಲ್ಟುಗಳಿಗೆ ಬಿಗಿದಿದ್ದವು. ನಗರದ ಯಾವುದೋ ಅಂಗಡಿಯಲ್ಲಿ ಒಂದು ಮಧ್ಯಾಹ್ನದೊಳಗೆ ಆದ ಕೆಲಸವಂತೆ. “ಮಾವ, ಇದು ರೇಸಿನವರ ಬೆಲ್ಟು. ಕಂಪನಿ ಬೆಲ್ಟಿಗಿಂತ ಎರಡು ಪಾಲು ಗಟ್ಟಿ. ನೀವು ಹೆದರಬೇಡಿ” ಎಂದ. ನಾನು ಹೆದರಿದ್ದು ಆ ಮಾತು ಕೇಳಿದ ಮೇಲೆ.

ಕಾಡು, ನದಿ, ಬೀಜಗಳ ಬಗೆಗೆ ಮಾತನಾಡುವ ಈ ಪತ್ರಿಕೆಯಲ್ಲಿ ಕಾರಿನ ಬೆಲ್ಟಿಗೇನು ಕೆಲಸವೆಂದು ಓದುಗರು ಹುಬ್ಬೇರಿಸಬಹುದು. ಆದರೆ ಆ ಕಾರು ಇರುಂಗಾಟ್ಟುಕೋಟೈಯಲ್ಲಿ ಓಡುವುದು ವರ್ಷಕ್ಕೆ ಎರಡು ದಿನ. ಉಳಿದ ವಾರಾಂತ್ಯಗಳಲ್ಲಿ ಅದು ಏರುವುದು ಚಾರ್ಮಾಡಿಯನ್ನು, ಆಗುಂಬೆಯನ್ನು, ಹುಲಿಕಲ್ಲನ್ನು. ಪ್ರಶ್ನೆ ನಮ್ಮ ಮನೆಬಾಗಿಲಿನದೇ.

ಒಂದು ಅಂಗ, ಇಡೀ ದೇಹವಲ್ಲ

ರೇಸಿಂಗ್ ಹಾರ್ನೆಸ್ ಎಂಬುದು ಕೆಟ್ಟ ಸಾಧನವಲ್ಲ. ತನ್ನ ಸ್ಥಾನದಲ್ಲಿ ಅದು ಸಾವಿರಾರು ಜೀವಗಳನ್ನು ಉಳಿಸಿದೆ. ನನ್ನ ತಕರಾರು ಅದನ್ನು ಸ್ಥಾನದಿಂದ ಕಿತ್ತು ಮಾರುವವರ ಮೇಲೆ, ಕೊಂಡು ಬೀಗುವವರ ಮೇಲೆ.

ಇಂದು ನಾವೆಲ್ಲ ಕಟ್ಟುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನೀಲ್ಸ್ ಬೊಲಿನ್ ರೂಪಿಸಿದರು. ಅದಕ್ಕೆ ಮುಂಚೆ ಅವರು ಯುದ್ಧವಿಮಾನಗಳಿಂದ ಪೈಲಟ್ಟನ್ನು ಹೊರಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ್ದವರು. ಬಿಗಿಯಾದ ಪಟ್ಟಿಗಳ ಗುಣದೋಷಗಳೆರಡನ್ನೂ ಬಲ್ಲವರು. ಸಾಮಾನ್ಯ ಮನುಷ್ಯ ಒಂದೇ ಕೈಯಲ್ಲಿ, ಒಂದೇ ಎಳೆತದಲ್ಲಿ ಕಟ್ಟಿಕೊಳ್ಳುವಂಥ ಬೆಲ್ಟನ್ನು ಅವರು ಬೇಕೆಂದೇ ಮಾಡಿದರು. ಆ ಬಳಿಕ ಅದಕ್ಕೆ ಜೊತೆಗಾರರು ಬಂದರು: ಢಿಕ್ಕಿಯ ಕ್ಷಣದಲ್ಲಿ ಸಡಿಲವನ್ನು ಸೆಳೆದುಕೊಳ್ಳುವ ಯಂತ್ರ, ಎದೆಯ ಮೇಲಿನ ಒತ್ತಡ ಮಿತಿ ಮೀರಿದಾಗ ಪಟ್ಟಿಯನ್ನು ಅಳತೆಯಿಂದ ಬಿಟ್ಟುಕೊಡುವ ಯಂತ್ರ, ಅದರ ಲಯಕ್ಕೆ ಸರಿಯಾಗಿ ಉಬ್ಬುವ ಗಾಳಿಚೀಲ. ಕಾರ್ಖಾನೆಯವರು ಕಾರನ್ನು ಗೋಡೆಗೆ ಗುದ್ದಿಸಿ ಪರೀಕ್ಷಿಸುವುದು ಈ ಇಡೀ ಕೂಟವನ್ನು. ಅದರಿಂದ ಒಂದನ್ನು ಕಿತ್ತವನು ಉಳಿದವುಗಳ ಪರೀಕ್ಷೆಯನ್ನೂ ರದ್ದುಗೊಳಿಸಿದ ಹಾಗೆಯೇ.

ರೇಸಿನ ಕಾರಿನದು ಬೇರೆಯೇ ಕೂಟ. ಅಲ್ಲಿ ಹಾರ್ನೆಸ್‌ನ ಜೊತೆಗೆ ಉಕ್ಕಿನ ಕೊಳವೆಗಳ ಪಂಜರವಿದೆ, ಪಟ್ಟಿ ಹಾಯಲು ಕಂಡಿಗಳಿರುವ ಮಡಚದ ಆಸನವಿದೆ, ತಲೆಗೆ ಹೆಲ್ಮೆಟ್ಟಿದೆ, ಹೆಲ್ಮೆಟ್ಟನ್ನು ಹಿಡಿದಿಡುವ ಕುತ್ತಿಗೆಯ ಕಾಪಿದೆ. ಇವುಗಳಲ್ಲಿ ಒಂದೊಂದನ್ನೇ ತೆಗೆಯುತ್ತ ಬಂದರೆ ಏನಾಗುತ್ತದೆಂದು ನೋಡೋಣ.

ಮೊದಲನೆಯದು ಹೊಟ್ಟೆ. ನಾಲ್ಕು ಪಟ್ಟಿಗಳ ಹಾರ್ನೆಸ್‌ನಲ್ಲಿ ತೊಡೆಗಳ ನಡುವಿನಿಂದ ಬಂದು ಬೀಗವನ್ನು ಕೆಳಕ್ಕೆ ಹಿಡಿಯುವ ಪಟ್ಟಿ ಇರುವುದಿಲ್ಲ. ಢಿಕ್ಕಿಯಾದಾಗ ಭುಜದ ಪಟ್ಟಿಗಳು ಬೀಗವನ್ನು ಮೇಲಕ್ಕೆಳೆಯುತ್ತವೆ. ಸೊಂಟದ ಎಲುಬಿನ ಮೇಲೆ ಕೂರಬೇಕಾದ ಪಟ್ಟಿ ಮೆತ್ತನೆಯ ಹೊಟ್ಟೆಯ ಮೇಲೇರುತ್ತದೆ. ದೇಹ ಅದರಡಿ ಜಾರುತ್ತದೆ. ಎಲುಬು ತಾಳುವ ಪೆಟ್ಟನ್ನು ಯಕೃತ್ತು, ಕರುಳುಗಳು ತಾಳಲಾರವು. ಐದು, ಆರು ಪಟ್ಟಿಗಳ ಹಾರ್ನೆಸ್ ಹುಟ್ಟಿದ್ದೇ ಈ ಕಾರಣಕ್ಕೆ. ಈ ದೋಷವನ್ನು ತಡೆಯುವ ವಿಶೇಷ ಹೊಲಿಗೆಯುಳ್ಳ ನಾಲ್ಕು ಪಟ್ಟಿಯವೂ ಇವೆ. ಅಂಗಡಿಯ ಅಗ್ಗದ ಮಾಲು ಅದಲ್ಲ.

ಎರಡನೆಯದು ಬೆನ್ನು. ಭುಜದ ಪಟ್ಟಿಗಳು ಹಿಂದಕ್ಕೆ ಸಾಗುವಾಗ ಸಮತಲಕ್ಕಿಂತ 45 ಡಿಗ್ರಿಗೂ ಹೆಚ್ಚು ಕೆಳಗಿಳಿಯಬಾರದು, 10 ಡಿಗ್ರಿ ಮೀರದಿದ್ದರೆ ಒಳಿತು ಎಂಬುದು ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎಯ ನಿಯಮ. ನನ್ನ ಸೋದರಳಿಯನ ಕಾರಿನಲ್ಲಿ ಪಟ್ಟಿಗಳು ಬಾವಿಗೆ ಇಳಿಬಿಟ್ಟ ಹಗ್ಗದಂತೆ ನೇರ ನೆಲಕ್ಕೆ ಇಳಿದಿದ್ದವು. ಢಿಕ್ಕಿಯಾದಾಗ ಅವು ಮನುಷ್ಯನನ್ನು ಹಿಂದಕ್ಕೆ ಹಿಡಿಯುವ ಬದಲು ಭುಜದಿಂದ ಕೆಳಕ್ಕೆ ಅದುಮುತ್ತವೆ. ಆ ಭಾರವನ್ನು ಹೊರುವುದು ಬೆನ್ನೆಲುಬು.

ಮೂರನೆಯದು ಕುತ್ತಿಗೆ. ಸಾಮಾನ್ಯ ಬೆಲ್ಟಿನಲ್ಲಿ ಎದೆ ತುಸು ತಿರುಗಿ, ತುಸು ಮುಂದೆ ಬಾಗಿ ತಲೆಯ ಜೊತೆಗೇ ಚಲಿಸುತ್ತದೆ. ಹಾರ್ನೆಸ್‌ನಲ್ಲಿ ಎರಡೂ ಭುಜಗಳು ಕಟ್ಟಿಹಾಕಿದಂತೆ ನಿಲ್ಲುತ್ತವೆ; ತಲೆಯೊಂದೇ ಮುಂದಕ್ಕೆ ಹಾರುತ್ತದೆ. ತಲೆಬುರುಡೆಯ ಬುಡವೇ ಬಿರಿಯುವ ಈ ಗಾಯದಿಂದ 1994ರಲ್ಲಿ ಇಮೋಲಾದಲ್ಲಿ ರೋಲಂಡ್ ರಾಟ್ಸೆನ್‌ಬರ್ಗರ್, 2001ರ ಫೆಬ್ರುವರಿಯಲ್ಲಿ ಡೇಟೋನಾದಲ್ಲಿ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡರು. ಇಬ್ಬರೂ ಹಾರ್ನೆಸ್ ಕಟ್ಟಿದ್ದ ವೃತ್ತಿಪರರು. ಇದಕ್ಕೆ ಪರಿಹಾರವಾದ ‘ಹ್ಯಾನ್ಸ್’ ಎಂಬ ಕುತ್ತಿಗೆಯ ಕಾಪನ್ನು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ 1980ರ ದಶಕದಲ್ಲೇ ರೂಪಿಸಿದ್ದರು. ಅರ್ನ್‌ಹಾರ್ಟ್ ಸತ್ತ ವರ್ಷವೇ ಅಮೆರಿಕದ ನ್ಯಾಸ್ಕಾರ್ ಕುತ್ತಿಗೆಯ ಕಾಪನ್ನು ಕಡ್ಡಾಯಗೊಳಿಸಿತು. ಫಾರ್ಮುಲಾ ಒನ್ 2003ರಲ್ಲಿ. ಪಟ್ಟಿಗೂ ಕಾಪಿಗೂ ನಡುವಿನ ಆ ವರ್ಷಗಳ ಅಂತರಕ್ಕೆ ರೇಸಿನ ಜಗತ್ತು ಹೆಣಗಳಲ್ಲಿ ಬೆಲೆ ತೆತ್ತಿದೆ. ಅಂಗಡಿಯವನು ನನ್ನ ಸೋದರಳಿಯನಿಗೆ ಪಟ್ಟಿಯನ್ನು ಮಾರಿದ. ಕಾಪಿನ ಹೆಸರನ್ನೂ ಎತ್ತಲಿಲ್ಲ.

ನಾಲ್ಕನೆಯದು ಮಾಡು. ಕಾರು ಮಗುಚಿ ಛಾವಣಿ ಕುಸಿದಾಗ ಸಾಮಾನ್ಯ ಬೆಲ್ಟಿನವನ ಮೈ ಪಕ್ಕಕ್ಕೆ ವಾಲಲು ತುಸುವಾದರೂ ಎಡೆಯಿದೆ. ಹಾರ್ನೆಸ್ ಕಟ್ಟಿದವನು ಗೂಟದಂತೆ ನೆಟ್ಟಗೆ ಕೂತು ಛಾವಣಿಗೆ ತಲೆಯೊಡ್ಡುತ್ತಾನೆ. ಹಾಗಾದರೆ ಪಂಜರವನ್ನೂ ಹಾಕಿಸಿದರಾಯಿತಲ್ಲ ಎನ್ನುವವರುಂಟು. ದಿನಬಳಕೆಯ ಕಾರಿನಲ್ಲಿ ಹೆಲ್ಮೆಟ್ಟಿಲ್ಲದ ತಲೆಯ ಪಕ್ಕ ಗೇಣು ದೂರದಲ್ಲಿ ಉಕ್ಕಿನ ಕೊಳವೆ ಇರುವುದು ಹೊಸ ಅಪಾಯವೇ ಹೊರತು ರಕ್ಷಣೆಯಲ್ಲ.

ಘಟ್ಟದ ದಾರಿಯಲ್ಲಿ

ಇನ್ನು ನಮ್ಮ ರಸ್ತೆಗೆ ಬರೋಣ. ಘಟ್ಟದ ತಿರುವಿನಲ್ಲಿ ಅನುಭವಿ ಚಾಲಕ ಮೈಯನ್ನು ಮುಂದೆ ಬಾಗಿಸಿ, ಕತ್ತು ಚಾಚಿ, ಕಂಬದ ಮರೆಯಿಂದ ಎದುರು ಬರುವ ಬಸ್ಸನ್ನು ನೋಡುತ್ತಾನೆ. ಹಾರ್ನೆಸ್ ಕಟ್ಟಿದವನಿಗೆ ಆ ಬಾಗು ಇಲ್ಲ. ಅವನು ಎರಡರಲ್ಲಿ ಒಂದು ಮಾಡುತ್ತಾನೆ: ಕುರುಡಾಗಿ ತಿರುಗಿಸುತ್ತಾನೆ, ಇಲ್ಲವೇ ಪಟ್ಟಿಗಳನ್ನು ಸಡಿಲ ಬಿಡುತ್ತಾನೆ. ಸಡಿಲವಾದ ಹಾರ್ನೆಸ್ ತಾನು ಕಿತ್ತೆಸೆದ ಬೆಲ್ಟಿಗಿಂತ ಕಡೆ. ಕೆಲವರು ಅದನ್ನು ಹೆಗಲಿಗೂ ಹಾಕದೆ ಸೀಟಿನ ಹಿಂದೆ ತೂಗುಬಿಟ್ಟು, ಎಚ್ಚರಿಕೆಯ ಸದ್ದು ಬಾರದಂತೆ ಬಕಲಿಗೆ ಒಂದು ಕ್ಲಿಪ್ಪು ಸಿಕ್ಕಿಸುತ್ತಾರೆ. ಅಂಥ ಕ್ಲಿಪ್ಪುಗಳನ್ನು ಮಾರುತ್ತಿದ್ದ ಆನ್‌ಲೈನ್ ಮಳಿಗೆಗಳ ಮೇಲೆ 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೇ ಆದೇಶ ಹೊರಡಿಸಬೇಕಾಯಿತು.

ಮತ್ತೊಂದು ಮಾತನ್ನು ಬೆಂಗಳೂರಿನ ಅಂಗಡಿಯವನು ಊಹಿಸಲೂ ಆರ. ರೇಸ್ ಪಥದಲ್ಲಿ ಕಾರು ಮಗುಚಿದರೆ ತರಬೇತಿ ಪಡೆದವರು ಕ್ಷಣದಲ್ಲಿ ಬರುತ್ತಾರೆ. ಘಟ್ಟದ ಕಣಿವೆಗೆ ಉರುಳಿದ ಕಾರಿಗೆ ಮೊದಲು ತಲುಪುವವರು ಪಕ್ಕದ ತೋಟದ ಆಳುಗಳು, ಸೌದೆಗೆ ಬಂದ ಹೆಂಗಸರು, ಲಾರಿಯ ಕ್ಲೀನರು. ಬೆಲ್ಟಿನ ಕೆಂಪು ಗುಂಡಿಯನ್ನು ಒತ್ತಬೇಕೆಂಬುದು ಈಗ ಅವರಿಗೆಲ್ಲ ಗೊತ್ತು. ತಿರುಗಿಸಿ ಬಿಡಿಸುವ ದುಂಡು ಬೀಗವನ್ನು ಅವರು ಎಂದೂ ಕಂಡವರಲ್ಲ. ರಕ್ತ ಸೋರುತ್ತಿರುವ ಹುಡುಗನನ್ನು ಬಿಡಿಸಲು ಅವರು ಕೊನೆಗೆ ಸೊಂಟದ ಕತ್ತಿಯನ್ನೇ ಎಳೆಯಬೇಕಾದೀತು.

ಇದೆಲ್ಲಕ್ಕಿಂತ ಮಿಗಿಲಾದುದು ಆ ಪಟ್ಟಿಗಳು ಮನಸ್ಸಿಗೆ ಕೊಡುವ ಸುಳ್ಳು ಧೈರ್ಯ. ರಕ್ಷಣೆ ಹೆಚ್ಚಿದಂತೆ ಚಾಲಕ ಹೆಚ್ಚು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆಂದು ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ವಾದಿಸಿದರು. ಅದು ಎಷ್ಟರಮಟ್ಟಿಗೆ ನಿಜವೆಂಬ ಬಗೆಗೆ ವಿದ್ವಾಂಸರಲ್ಲಿ ಜಗಳವಿದೆ. ಸಾಮಾನ್ಯ ಬೆಲ್ಟು ಒಟ್ಟಾರೆ ಜೀವ ಉಳಿಸುತ್ತದೆಂಬುದರಲ್ಲಿ ಜಗಳವಿಲ್ಲ. ಆದರೆ ಕೆಂಪು ಪಟ್ಟಿಗಳನ್ನು ಬಿಗಿದು ಕೂತ ಹುಡುಗನ ಕಣ್ಣಿಗೆ ರಸ್ತೆಯೇ ಬೇರೆಯಾಗಿ ಕಾಣುತ್ತದೆಂಬುದನ್ನು ನಾನು ಪಕ್ಕದ ಸೀಟಿನಲ್ಲಿ ಕೂತು ಕಂಡಿದ್ದೇನೆ. ಆ ರಸ್ತೆಯಲ್ಲಿ ಶಾಲೆಗೆ ನಡೆಯುವ ಮಕ್ಕಳಿದ್ದಾರೆ, ಡೈರಿಗೆ ಹಾಲು ಒಯ್ಯುವವರಿದ್ದಾರೆ, ಬಿಟ್ಟ ದನಗಳಿವೆ, ರಸ್ತೆ ದಾಟುವ ಸಿಂಗಳೀಕಗಳಿವೆ. ಇವರಾರಿಗೂ ಹಾರ್ನೆಸ್ ಇಲ್ಲ.

ಹಾಗಾದರೆ ಮಾಡಬೇಕಾದುದೇನು?

ರೇಸನ್ನೇ ನಿಷೇಧಿಸಿ ಎಂದು ನಾನು ಹೇಳುತ್ತಿಲ್ಲ. ಚಿಕ್ಕಮಗಳೂರಿನ ತೋಟಗಳ ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ. ಅವುಗಳ ಬಗೆಗೆ ನಮ್ಮ ಆಕ್ಷೇಪಗಳು ಬೇರೆ. ಆದರೆ ಅಲ್ಲಿ ದಾರಿ ಮುಚ್ಚಿರುತ್ತದೆ, ಕಾರಿನೊಳಗೆ ಪಂಜರದಿಂದ ಕುತ್ತಿಗೆಯ ಕಾಪಿನವರೆಗೆ ಎಲ್ಲವೂ ಇರುತ್ತದೆ ಎಂಬುದನ್ನು ಒಪ್ಪಲೇಬೇಕು. ಹವ್ಯಾಸಿ ಯುವಕರಿಗೆ ನನ್ನ ಮಾತು ಇಷ್ಟು: ಆರಂಭಿಕನಾದರೆ ಕಂಪನಿಯ ಬೆಲ್ಟನ್ನು ಮುಟ್ಟಬೇಡಿ, ಒಳ್ಳೆಯ ಹೆಲ್ಮೆಟ್ ಧರಿಸಿ, ಬ್ರೇಕು ಟೈರುಗಳಿಗೆ ಹಣ ಹಾಕಿ. ಅದಕ್ಕೂ ಮೀರಿದ ವೇಗ ಬೇಕೆನಿಸಿದರೆ ಕೂಟವನ್ನು ಇಡಿಯಾಗಿ ತನ್ನಿ. ಆರು ಪಟ್ಟಿಗಳ, ಅವಧಿ ಮೀರದ, ಅಸಲಿ ಮುದ್ರೆಯ ಹಾರ್ನೆಸ್, ಅದಕ್ಕೆ ತಕ್ಕ ಆಸನ, ಪಂಜರ, ಕುತ್ತಿಗೆಯ ಕಾಪು. ಬಿಸಿಲು, ಬೆವರುಗಳಿಗೆ ನೂಲು ಸೊರಗುವುದರಿಂದ ಎಫ್‌ಐಎ ತನ್ನ ಹಾರ್ನೆಸ್‌ಗಳಿಗೆ ಐದು ವರ್ಷದ ಆಯುಷ್ಯವನ್ನಷ್ಟೇ ಕೊಡುತ್ತದೆಂಬುದು ನೆನಪಿರಲಿ. ಹಾಗೆ ಸಜ್ಜಾದ ಕಾರನ್ನು ಲಾರಿಯ ಮೇಲೆ ಹೇರಿ ಪಥಕ್ಕೆ ಒಯ್ಯಿರಿ. ಊರ ರಸ್ತೆಗೆ ತರಬೇಡಿ.

ಸರಕಾರಕ್ಕೂ ಒಂದು ಪ್ರಶ್ನೆಯಿದೆ. ನೋಂದಾಯಿತ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಹಾಗಿದ್ದೂ ಹಾಡಹಗಲೇ ಬೆಲ್ಟು ಕಿತ್ತು ಅಲಂಕಾರದ ಪಟ್ಟಿ ಜೋಡಿಸುವ ಅಂಗಡಿಗಳನ್ನು ಕೇಳುವವರಾರು? ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಸೀಟ್‌ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ. ಇದ್ದ ಬೆಲ್ಟನ್ನು ಕಟ್ಟದೆ ಜನ ಸಾಯುವ ದೇಶದಲ್ಲಿ ಅದನ್ನು ಕಿತ್ತೆಸೆಯುವುದು ಶೋಕಿಯಾಗುತ್ತಿದೆ!

ಕೃಷಿಯಲ್ಲೂ ನಾವು ಇದೇ ತಪ್ಪನ್ನು ಮಾಡಿದ್ದೇವೆ. ಇಡೀ ಪದ್ಧತಿಯಿಂದ ಒಂದು ತಳಿಯನ್ನೋ ಒಂದು ಡಬ್ಬಿಯನ್ನೋ ಬಿಡಿಸಿ ತಂದು, ಅದೇ ಪ್ರಗತಿಯೆಂದು ಮಾರಿದ್ದೇವೆ, ಕೊಂಡಿದ್ದೇವೆ, ಉಂಡಿದ್ದೇವೆ. ಸುರಕ್ಷತೆಯೂ ಫಲವತ್ತತೆಯಂತೆಯೇ, ಅದು ಹಲವು ಸಂಗತಿಗಳು ಕೂಡಿ ಬಾಳುವುದರಿಂದ ಹುಟ್ಟುತ್ತದೆ, ಪೊಟ್ಟಣದಲ್ಲಿ ಸಿಗುವುದಿಲ್ಲ.

ಸೋದರಳಿಯನಿಗೆ ಇಷ್ಟನ್ನೂ ಹೇಳಿದೆ. ಅವನು ವಾದಿಸಿದ, ಮುನಿಸಿಕೊಂಡ, ಊಟ ಮಾಡಿ ಹೋದ. ದೀಪಾವಳಿಗೆ ಬಂದಾಗ ಹಳೆಯ ಕಪ್ಪು ಬೆಲ್ಟು ಮರಳಿ ಬಂದಿತ್ತು. ಕೆಂಪು ಪಟ್ಟಿಗಳು ಡಿಕ್ಕಿಯಲ್ಲಿ ಸುರುಳಿ ಸುತ್ತಿ ಬಿದ್ದಿದ್ದವು. ಅವುಗಳನ್ನು ಬೇರೆಯವರಿಗೆ ಮಾರಬೇಡವೆಂದೆ. ಓದುಗರೇ, ನಿಮ್ಮ ಮನೆಯ ಮಕ್ಕಳೂ ಅಂಥ ಕಾರಿನಲ್ಲಿ ಘಟ್ಟ ಹತ್ತಿ ಬಂದರೆ ಮೊದಲು ಕಾಫಿ ಕೊಡಿ, ಅನಂತರ ಬೋರ್ಡೋ ದ್ರಾವಣಕ್ಕೆ ಮಾಡುವಂತೆ ಆ ಕಾರಿಗೂ ಕತ್ತಿಯ ಪರೀಕ್ಷೆ ಮಾಡಿ: “ಸುಣ್ಣ ಎಲ್ಲಿದೆ?” ಎಂದು ಕೇಳಿ.