ಸ್ತ್ರೀ ಆರೋಗ್ಯ ಸಂಶೋಧನೆ: ಅನುದಾನದಲ್ಲಿ ನಮ್ಮ ನಾಡಿನ ಪಾಲು

ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಲಿನ ಊರುಗಳ ತಾಯಂದಿರು ಶ್ರೀಮಠಕ್ಕೆ ಬಂದಾಗ ಕೇಳುವ ಪ್ರಶ್ನೆಯೊಂದಿದೆ: ಕಾರ್ಖಾನೆಗಳ ಹೊಗೆ, ಕೊಳವೆಬಾವಿಯ ನೀರು ಬಸುರಿಗೆ, ಹಾಲುಣ್ಣುವ ಕೂಸಿಗೆ ಕೇಡು ಮಾಡುತ್ತವೆಯೇ? ಇದಕ್ಕೆ ಊಹೆಯ ಉತ್ತರ ಸಲ್ಲದು. ವರ್ಷಗಟ್ಟಲೆ ಮನೆಮನೆಗೆ ಹೋಗಿ, ರಕ್ತವನ್ನೂ ನೀರನ್ನೂ ಪರೀಕ್ಷಿಸಿ ದಾಖಲಿಸಬೇಕು. ಅದಕ್ಕೆ ಬೇಕಾದ ಹಣ ಬಹುಮಟ್ಟಿಗೆ ಸ್ಪರ್ಧೆಯಿಂದ ದೊರೆಯುವಂಥದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನಂತಹ ಸಂಸ್ಥೆಗಳು ಪ್ರಸ್ತಾವನೆಗಳನ್ನು ಕರೆಯುತ್ತವೆ; ತಜ್ಞರು ತೂಗಿ ನೋಡುತ್ತಾರೆ; ಆಯ್ಕೆಯಾದವರಿಗೆ ಅನುದಾನ.

ಸ್ಪರ್ಧೆಯನ್ನು ನಾವು ಹಳಿಯುವುದಿಲ್ಲ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಅಮೆರಿಕದ ವಿಜ್ಞಾನಿಗಳೊಡಗೂಡಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನವನ್ನು ಇಂತಹ ಸ್ಪರ್ಧೆಯಲ್ಲಿಯೇ ಪಡೆಯಿತು. 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರು ಅಧ್ಯಯನದಲ್ಲಿ ಭಾಗಿಯಾದರು. ಮಗು ಹುಟ್ಟಿದೊಡನೆ ದಾದಿಯರು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆಯನ್ನು ನುಂಗಿಸಿದರು. ಹುಸಿಮಾತ್ರೆ ಪಡೆದವರಲ್ಲಿ ಶೇ. 12ರಷ್ಟು ಬಾಣಂತಿಯರಿಗೆ ಅತಿಯಾದ ರಕ್ತಸ್ರಾವವಾದರೆ, ನಿಜಮಾತ್ರೆ ಪಡೆದವರಲ್ಲಿ ಅದು ಶೇ. 6.4 ಮಾತ್ರ. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕನ್ನಡ ನಾಡಿನ ಹಳ್ಳಿಯ ಹೆಣ್ಣುಮಕ್ಕಳು ಜಗತ್ತಿನ ಬಾಣಂತಿಯರಿಗೆ ಸಲ್ಲಿಸಿದ ದಾಸೋಹವಿದು ಎಂದರೆ ಉತ್ಪ್ರೇಕ್ಷೆಯಲ್ಲ.

ಆದರೆ ಸ್ಪರ್ಧೆಯು ತೂಗುವುದು ಪ್ರಸ್ತಾವನೆಯನ್ನು. ಪ್ರಸ್ತಾವನೆ ಬರೆಯುವ ಬಿಡುವಿಲ್ಲದ ಊರಿನ ನೋವು ತಕ್ಕಡಿಗೇ ಏರುವುದಿಲ್ಲ. ಹೊರರೋಗಿಗಳ ಸಾಲು ಕರಗಿಸುವುದರಲ್ಲಿಯೇ ಹೊತ್ತು ಮುಳುಗುವ ಔರಾದ, ಭಾಲ್ಕಿಯ ವೈದ್ಯರು, ಅನುದಾನ ತರುವುದರಲ್ಲಿ ನುರಿತ ಮಹಾನಗರದ ಸಂಸ್ಥೆಗಳೊಡನೆ ಸೆಣಸುವುದೆಂತು? ಹಿಂದೆ ಪಡೆದವರಿಗೇ ಮತ್ತೆ ದೊರೆಯುವುದು ಸಹಜ. ಇದು ಯಾರ ದುರುದ್ದೇಶವೂ ಅಲ್ಲ, ಏರ್ಪಾಡಿನ ದೋಷ.

ಸಂವಿಧಾನದ 371 (ಜೆ) ವಿಧಿಯಡಿ ಶಿಕ್ಷಣ, ಉದ್ಯೋಗಗಳಲ್ಲಿ ನಮ್ಮ ಭಾಗಕ್ಕೆ ಮೀಸಲು ದೊರೆತಿದೆ. ಸಂಶೋಧನೆಗೂ ಅದೇ ನ್ಯಾಯವೇಕಾಗಬಾರದು? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯು ಸ್ತ್ರೀ ಆರೋಗ್ಯದ ಅಧ್ಯಯನಕ್ಕೆಂದು ಸಣ್ಣ ಮೊತ್ತವನ್ನಾದರೂ ತೆಗೆದಿರಿಸಲಿ. ಬೀದರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತರುಣ ವೈದ್ಯರು ಬೆಳಗಾವಿಯ ಅನುಭವಿಗಳ ಜೊತೆಗೂಡಿ ಮೊದಲ ಪ್ರಸ್ತಾವನೆ ಬರೆಯಲಿ. ಆ ಸಣ್ಣ ಅಧ್ಯಯನದ ಬಲದಿಂದಲೇ ಮುಂದೆ ದಿಲ್ಲಿಯ ಸ್ಪರ್ಧೆಗೆ ಇಳಿಯಬಹುದು.

ಸದ್ಭಕ್ತರಲ್ಲಿಯೂ ಒಂದು ಬಿನ್ನಹ. ಅಧ್ಯಯನದವರು ಮನೆಬಾಗಿಲಿಗೆ ಬಂದಾಗ ಅತ್ತೆಯೋ ಗಂಡನೋ ಮುಂದೆ ಬಂದು ಉತ್ತರಿಸುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡೋಣ. ಹುಸಿಮಾತ್ರೆ ಬರಬಹುದೆಂಬುದನ್ನೂ, ಬೇಡವೆನ್ನುವ ಹಕ್ಕು ತನಗಿದೆ ಎಂಬುದನ್ನೂ ಆ ಹೆಣ್ಣುಮಗಳೇ ಕೇಳಿ ತಿಳಿದು, ತಾನೇ ರುಜು ಹಾಕಲಿ.